ಕಂಪನಿ ಲೀಸ್‌ನಲ್ಲಿ ಎಲೆಕ್ಟ್ರಿಕ್ ಎಸ್‌ಯುವಿ: ಹೋಲಿಸಿ ನೋಡುವ ಬಗೆ

ಬೆಂಗಳೂರಿನ ಅನೇಕ ಕಂಪನಿಗಳು ನೌಕರರಿಗೆ ಕಾರ್ ಲೀಸ್ ಸೌಲಭ್ಯ ಕೊಡುತ್ತವೆ. ಕಾರು ಸಾಮಾನ್ಯವಾಗಿ ಲೀಸಿಂಗ್ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಬಾಡಿಗೆಯನ್ನು ತೆರಿಗೆ ಲೆಕ್ಕ ಹಾಕುವ ಮೊದಲೇ ಸಂಬಳದಲ್ಲಿ ಹಿಡಿಯುತ್ತಾರೆ, ಅವಧಿ ಮುಗಿದ ಮೇಲೆ ಒಪ್ಪಂದದಲ್ಲಿ ಬರೆದ ಉಳಿಕೆ ಮೌಲ್ಯ ಕಟ್ಟಿ ಕಾರನ್ನು ಸ್ವಂತ ಮಾಡಿಕೊಳ್ಳಬಹುದು. ಪಟ್ಟಿಯಲ್ಲಿ ಹ್ಯುಂಡೈನ ಕ್ರೆಟಾ ಎಲೆಕ್ಟ್ರಿಕ್, ಟಾಟಾದ ಕರ್ವ್ ಇವಿ ಮತ್ತು ಹ್ಯಾರಿಯರ್ ಇವಿ, ಮಹೀಂದ್ರದ ಬಿಇ 6 ಒಟ್ಟಿಗೆ ಕಂಡಾಗ ಕಣ್ಣು ಮೊದಲು ಹೋಗುವುದು ತಿಂಗಳ ಬಾಡಿಗೆಯ ಮೇಲೆ. ಹೋಲಿಕೆಯನ್ನು ಅಲ್ಲಿಂದ ಆರಂಭಿಸಬೇಡಿ.

22 ಲಕ್ಷ ರೂಪಾಯಿಯ ಒಂದೇ ಕಾರಿಗೆ ಎರಡು ಕೊಟೇಷನ್ ಬಂದಿವೆ ಎಂದುಕೊಳ್ಳಿ. ಅವಧಿ 48 ತಿಂಗಳು. ಮೊದಲನೆಯದರಲ್ಲಿ ತಿಂಗಳ ಬಾಡಿಗೆ 48,000, ಉಳಿಕೆ ಮೌಲ್ಯ ಕಾರಿನ ಬೆಲೆಯ ಶೇ 20. ಎರಡನೆಯದರಲ್ಲಿ ಬಾಡಿಗೆ 43,000, ಉಳಿಕೆ ಮೌಲ್ಯ ಶೇ 35. ಕಾರನ್ನು ಕೊಳ್ಳುವವರೆಗೆ ಲೆಕ್ಕ ಹಾಕಿದರೆ ಮೊದಲನೆಯದು 27,44,000, ಎರಡನೆಯದು 28,34,000 ಆಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬಾಡಿಗೆ ತೆರಿಗೆಗೆ ಮುಂಚಿನ ಹಣದಿಂದ ಹೋಗುತ್ತದೆ, ಉಳಿಕೆ ಮೌಲ್ಯವನ್ನಾದರೋ ತೆರಿಗೆ ಕಟ್ಟಿದ ನಂತರ ಉಳಿದ ಹಣದಿಂದ ತೆರಬೇಕು. ಬಾಡಿಗೆಯಲ್ಲಿ ವಿಮೆ, ಸರ್ವಿಸ್, ಟೈರು ಸೇರಿವೆಯೇ, ಪರ್ಕ್ವಿಸಿಟ್ (ಸಂಬಳದ ಜೊತೆ ಸಿಗುವ ಸೌಲಭ್ಯದ ತೆರಿಗೆ ಮೌಲ್ಯ) ಎಂದು ಈ ವರ್ಷ ಎಷ್ಟು ಮೊತ್ತವನ್ನು ಆದಾಯಕ್ಕೆ ಸೇರಿಸುತ್ತಾರೆ ಎಂಬುದನ್ನು ಪೇರೋಲ್ ವಿಭಾಗದಿಂದ ಲಿಖಿತವಾಗಿ ಪಡೆಯಿರಿ.

ಬಹಳಷ್ಟು ಜನ ಗಮನಿಸದೆ ಬಿಡುವ ವಿಷಯ ಬ್ಯಾಟರಿ ವಾರಂಟಿ. ಟಾಟಾ ಮತ್ತು ಮಹೀಂದ್ರ ತಮ್ಮ ಕೆಲವು ಮಾದರಿಗಳಿಗೆ ಘೋಷಿಸಿರುವ ಜೀವಿತಾವಧಿ ವಾರಂಟಿ ಮೊದಲ ನೋಂದಾಯಿತ ಮಾಲೀಕರಿಗೆ ಮೀಸಲು. ಲೀಸ್‌ನಲ್ಲಿ ಆರ್‌ಸಿ ಸಂಸ್ಥೆಯ ಹೆಸರಿನಲ್ಲಿರುವುದರಿಂದ, ನಾಲ್ಕು ವರ್ಷ ನೀವೇ ಓಡಿಸಿದ ಕಾರನ್ನು ಕೊಂಡಾಗ ಕಾಗದದ ಮೇಲೆ ನೀವು ಎರಡನೆಯ ಮಾಲೀಕರಾಗುತ್ತೀರಿ. ಆಗ ಎಷ್ಟು ವರ್ಷದ ವಾರಂಟಿ ಉಳಿಯುತ್ತದೆ ಎಂದು ಶೋರೂಮಿನಿಂದ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಬಾಯಿ ಮಾತನ್ನು ನೆಚ್ಚಿಕೊಳ್ಳಬೇಡಿ. ಕಾರನ್ನು ಹಿಂತಿರುಗಿಸುವ ಉದ್ದೇಶವಿದ್ದರೆ ಈ ಅಂಶಕ್ಕೆ ಅಷ್ಟು ತೂಕವಿಲ್ಲ, ಒಪ್ಪಂದದಲ್ಲಿ ಎಷ್ಟು ಕಿಲೋಮೀಟರ್ ಓಡಿಸಬಹುದು ಎಂಬ ಮಿತಿಗೇ ಹೆಚ್ಚು ತೂಕ.

ಒಂದು ಚಾರ್ಜ್‌ಗೆ ಎಷ್ಟು ದೂರ ಎಂಬುದನ್ನು ಜಾಹೀರಾತಿನ ಅಂಕಿಯಿಂದ ಹೋಲಿಸಬೇಡಿ. ಬ್ಯಾಟರಿಯ ಯೂನಿಟ್‌ಗಳಲ್ಲಿ (ಕಿಲೋವ್ಯಾಟ್ ಅವರ್) ಶೇ 80ನ್ನು ಮಾತ್ರ ಬಳಸುವುದಾಗಿ ಇಟ್ಟುಕೊಂಡು, ಹೆದ್ದಾರಿಯಲ್ಲಿ 100 ಕಿಲೋಮೀಟರಿಗೆ 15ರಿಂದ 16 ಯೂನಿಟ್ ಖರ್ಚು ಹಿಡಿಯಿರಿ. 51.4 ಯೂನಿಟ್‌ನ ಕ್ರೆಟಾ ಸುಮಾರು 270 ಕಿಲೋಮೀಟರ್ ಹೋಗುತ್ತದೆ, 79 ಯೂನಿಟ್‌ನ ಬಿಇ 6 ಸುಮಾರು 395. ಬೆಂಗಳೂರಿನಿಂದ ಶಿರಾಡಿ ಘಾಟಿಯ ಮೇಲೆ ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ಇರುವುದರಿಂದ, ಮೊದಲನೆಯದನ್ನು ಹಾಸನದ ಆಸುಪಾಸಿನಲ್ಲಿ ಒಮ್ಮೆ ಚಾರ್ಜ್ ಮಾಡಬೇಕಾಗುತ್ತದೆ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವರು ಆ ಅರ್ಧ ಗಂಟೆ ಉಳಿಸಲು ತಿಂಗಳು ತಿಂಗಳೂ ಸಾವಿರಾರು ರೂಪಾಯಿ ಹೆಚ್ಚು ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಸಹಿ ಹಾಕುವ ಮೊದಲು ಟೇಪು ಹಿಡಿದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯಿರಿ. ಮೀಟರ್ ಬೋರ್ಡಿನಿಂದ ನಿಮ್ಮ ಪಾರ್ಕಿಂಗ್ ಜಾಗಕ್ಕೆ ಕೇಬಲ್ ಎಷ್ಟು ಉದ್ದ ಬೇಕು, ಯಾವ ಕಂಬದ ಮೇಲೆ ಚಾರ್ಜರ್ ಕೂರುತ್ತದೆ ಎಂದು ಅಳೆದು, ಆ ಅಳತೆಯನ್ನೇ ಸೇರಿಸಿ ಸಂಘಕ್ಕೆ ಅನುಮತಿಯ ಪತ್ರ ಕೊಡಿ. 7.2 ಕಿಲೋವ್ಯಾಟ್ ಚಾರ್ಜರ್ ಸಿಗದಿದ್ದರೂ ನಿರಾಶರಾಗಬೇಕಿಲ್ಲ, 3.3 ಕಿಲೋವ್ಯಾಟ್‌ನ 15 ಆಂಪ್ ಸಾಕೆಟ್‌ನಲ್ಲಿ ಒಂಬತ್ತು ಗಂಟೆ ಹಾಕಿದರೆ, ಚಾರ್ಜಿಂಗ್‌ನಲ್ಲಿ ಆಗುವ ನಷ್ಟ ಕಳೆದು ಸುಮಾರು 27 ಯೂನಿಟ್ ತುಂಬುತ್ತದೆ, ಅದು ಯಾರ ದಿನದ ಆಫೀಸ್ ಓಡಾಟಕ್ಕೂ ಧಾರಾಳ.

ಕೊನೆಯದಾಗಿ, ಒಪ್ಪಂದದಲ್ಲಿ ಫೋರ್‌ಕ್ಲೋಷರ್ (ಅವಧಿಗೆ ಮುಂಚೆಯೇ ಲೀಸ್ ಮುಗಿಸುವುದು) ಎಂಬ ಪದ ಬರುವ ಪುಟವನ್ನು ಓದಿ. ಕೆಲಸ ಬಿಟ್ಟರೆ ಅಥವಾ ಕೆಲಸ ಹೋದರೆ ಲೀಸನ್ನು ಹೊಸ ಕಂಪನಿಗೆ ವರ್ಗಾಯಿಸಬಹುದೇ, ಇಲ್ಲದಿದ್ದರೆ 12ನೇ ಮತ್ತು 24ನೇ ತಿಂಗಳಲ್ಲಿ ಎಷ್ಟು ಕಟ್ಟಬೇಕು ಎಂಬ ಎರಡು ಮೊತ್ತಗಳನ್ನು ಪ್ರತಿ ಕಾರಿನ ಹೆಸರಿನ ಮುಂದೆಯೂ ಬರೆದಿಟ್ಟುಕೊಳ್ಳಿ.