ಅರ್ಧ ಪಾಲಿನ ಆಟ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಟೆನಿಸ್ ಕಲಿತ ನಾನು, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್ ಒಂದನ್ನೇ ಹಿಡಿದೆ. ಬೇಸ್‌ಲೈನಿನಲ್ಲಿ ಮೂರು ಗಂಟೆ ಓಡುವ ಕಸುವು ನನ್ನ ಮೊಣಕಾಲಿಗೆ ಇರಲಿಲ್ಲ. ನೆಟ್ ಹತ್ತಿರ ಮಾತ್ರ ಕೈ ಚುರುಕಾಗಿತ್ತು. ನಿರ್ಧಾರವನ್ನು ತಿಳಿಸಿದಾಗ ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದ್ದು ಇಷ್ಟೇ: “ಇಬ್ಬರು ಆಡಿದ್ರ ರೊಕ್ಕಾನೂ ಅರ್ಧಾ ಆಗ್ತದಲ್ಲೋ ತಮ್ಮಾ?”

ಅವ್ವನ ಲೆಕ್ಕ ತಪ್ಪಿರಲಿಲ್ಲ. ನಾನು ಆಡುತ್ತಿದ್ದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳ ಒಟ್ಟು ಬಹುಮಾನವೇ 15,000 ಅಥವಾ 25,000 ಡಾಲರ್; ಅದರಲ್ಲಿ ದೊಡ್ಡ ಪಾಲು ಸಿಂಗಲ್ಸ್‌ಗೆ ಹೋಗಿ, ಉಳಿದದ್ದನ್ನು ಡಬಲ್ಸ್ ಜೋಡಿಗಳು ಹಂಚಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಸೋತರೆ ರ‍್ಯಾಂಕಿಂಗ್ ಅಂಕವೂ ಸಿಗದು, ಗಳಿಸಿದ ಅಂಕವೂ 52 ವಾರಗಳ ನಂತರ ಉದುರಿಹೋಗುತ್ತದೆ. ಆದ್ದರಿಂದ ನಾನು ರ‍್ಯಾಕೆಟ್‌ಗೆ ತಂತಿ ಬಿಗಿಯುವ ಹಳೆಯದೊಂದು ಗಟ್ಟಿಂಗ್ ಯಂತ್ರವನ್ನು ಕೊಂಡು, ಧಾರವಾಡಕ್ಕಾಗಲಿ ಮೈಸೂರಿಗಾಗಲಿ ಸ್ಲೀಪರ್ ಬೋಗಿಯ ಸೀಟಿನ ಕೆಳಗೆ ಅದನ್ನು ತುರುಕಿಕೊಂಡು ಹೋಗುತ್ತಿದ್ದೆ. ಬೇರೆ ಆಟಗಾರರ ರ‍್ಯಾಕೆಟ್‌ಗಳಿಗೆ ಗಟ್ಟಿಂಗ್ ಮಾಡಿ ಬಂದ ಹಣ ಎಷ್ಟೋ ವಾರ ನನ್ನ ಬಹುಮಾನವನ್ನು ಮೀರಿಸುತ್ತಿತ್ತು.

ಅಭ್ಯಾಸದಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ರಿಟರ್ನ್‌ಗೆ, ಅಂದರೆ ಎದುರಾಳಿಯ ಸರ್ವ್ ಮರಳಿಸುವುದಕ್ಕೆ. ಈ ಟೂರ್ನಿಗಳ ಡಬಲ್ಸ್‌ನಲ್ಲಿ 40–40 ಆದಾಗ ಅಡ್ವಾಂಟೇಜ್ ಇಲ್ಲ. ಒಂದೇ ಅಂಕದಲ್ಲಿ ಗೇಮ್ ತೀರ್ಮಾನವಾಗುತ್ತದೆ, ಸರ್ವ್ ಯಾವ ಬದಿಗೆ ಬರಬೇಕೆಂಬುದನ್ನು ಎದುರಿಸುವ ಜೋಡಿಯೇ ಆರಿಸುತ್ತದೆ. ಮೂರನೇ ಸೆಟ್ಟಿನ ಬದಲು 10 ಅಂಕಗಳ ಟೈಬ್ರೇಕ್ ಇರುವುದರಿಂದ, ಇಂಥ ನಾಲ್ಕೈದು ಅಂಕಗಳಲ್ಲೇ ಇಡೀ ಪಂದ್ಯ ತಿರುಗಿಬಿಡುತ್ತದೆ. ಬೆಳಗಿನ ಐದೂವರೆಗೆ ಒಬ್ಬ ಹುಡುಗನನ್ನು ಬೇಸ್‌ಲೈನ್ ಬಿಟ್ಟು ಸರ್ವಿಸ್ ಲೈನಿನಲ್ಲಿ ನಿಲ್ಲಿಸಿ, ಅಷ್ಟು ಹತ್ತಿರದಿಂದ ಅವನು ಹೊಡೆದ ಅರವತ್ತು ಸರ್ವ್‌ಗಳನ್ನು ಅವನ ಕಾಲ ಬುಡಕ್ಕೇ ಮರಳಿಸುವುದು ನನ್ನ ನಿತ್ಯದ ಪಾಠವಾಗಿತ್ತು. ಬೇಸಿಗೆಯಲ್ಲಿ ಬೆವರಿಗೆ ಹಿಡಿ ಜಾರದಂತೆ ಬಡಿಗೇರರ ಅಂಗಡಿಯ ಕಟ್ಟಿಗೆ ಪುಡಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅಂಗಡಿಗಳಲ್ಲಿ ಸಿಗುವ ದುಬಾರಿ ಪುಡಿಗಿಂತ ಅದೇ ವಾಸಿ ಎಂದು ಈಗಲೂ ನಂಬಿದ್ದೇನೆ.

ಇಷ್ಟೆಲ್ಲ ಕಲಿತರೂ ಜೊತೆಗಾರ ನಮ್ಮ ಕೈಯಲ್ಲಿರುವುದಿಲ್ಲ. ಇಬ್ಬರ ರ‍್ಯಾಂಕಿಂಗ್ ಕೂಡಿಸಿ ಪ್ರವೇಶ ಕೊಡುವುದರಿಂದ, ಪ್ರತಿ ವಾರವೂ ಪ್ರತಿಯೊಬ್ಬನೂ ತನಗಿಂತ ಮೇಲಿನವನನ್ನು ಹುಡುಕುತ್ತಿರುತ್ತಾನೆ. ನಾನೂ ಹಾಗೆಯೇ ಮಾಡಿದ್ದೇನೆ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಊರಿನವರು ಅವರ ವಯಸ್ಸನ್ನು ಹೊಗಳುತ್ತಿದ್ದರು. ನನಗೆ ಅಸೂಯೆಯಾದದ್ದು ಮ್ಯಾಥ್ಯೂ ಎಬ್ಡೆನ್‌ರಂಥ ಸ್ಥಿರ ಜೊತೆಗಾರ ಅವರಿಗಿದ್ದ ಬಗ್ಗೆ.

ಅದಕ್ಕೂ ಮೊದಲು, 2023ರಲ್ಲಿ ಕಲಬುರಗಿಯಲ್ಲೇ ಐಟಿಎಫ್ ಟೂರ್ನಿ ನಡೆದಾಗ, ಎಂಟು ತಿಂಗಳು ಜೊತೆಗೆ ಆಡಿದವನು ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಬರೆದು ಬೇರೆಯವನ ಜೊತೆ ಹೆಸರು ಕೊಟ್ಟ. ಅಷ್ಟು ಹೊತ್ತಿನಲ್ಲಿ ಸಿಕ್ಕ ಜೊತೆಗಾರನ ರ‍್ಯಾಂಕಿಂಗ್ ಸಾಲದೆ ನಾನು ಪಟ್ಟಿಯಿಂದ ಹೊರಗುಳಿದೆ. ಯಂತ್ರದ ಮುಂದೆ ಕುಳಿತಿದ್ದಾಗ ಅವನೇ ಎರಡು ರ‍್ಯಾಕೆಟ್ ತಂದು, 50 ಪೌಂಡ್ ಬಿಗಿಯಿರಲಿ ಎಂದ. ನಮ್ಮೂರಿನ ಒಣಹವೆಯಲ್ಲಿ ಚೆಂಡು ಹಾರುತ್ತದೆ, ಇನ್ನೂ ಬಿಗಿಯಾಗಿ 52 ಹಾಕಿಸಿಕೋ ಎಂದೆ. ಒಪ್ಪಿದ. ಕೂಲಿಯನ್ನು ಮಾತ್ರ ಪೂರ್ತಿ ತೆಗೆದುಕೊಂಡೆ.