ರಿಯೋಹಾ ವೈನ್: ಮೊದಲು ಮೂಗಿಗೆ, ಆಮೇಲೆ ಬಾಯಿಗೆ

ಸ್ಪೇನಿನ ಉತ್ತರ ಭಾಗದ ರಿಯೋಹಾ ರೆಡ್ ವೈನ್ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದವರು ಮಾಡುವುದೇನು? ಗ್ಲಾಸನ್ನು ಗಿರಗಿರ ತಿರುಗಿಸಿ, ಒಮ್ಮೆ ಮೂಸಿ, ಗುಟುಕರಿಸಿಬಿಡುತ್ತಾರೆ. ಈ ವೈನಿನ ಅರ್ಧ ಮಜಾ ಇರುವುದೇ ವಾಸನೆಯಲ್ಲಿ!

ಮೊದಲು ಬಾಟಲಿ. 'ರಿಸೆರ್ವಾ' ಎಂದಿರುವುದನ್ನೇ ತನ್ನಿ. ಕನಿಷ್ಠ 3 ವರ್ಷ ಮಾಗಿರುತ್ತದೆ, ಅದರಲ್ಲಿ 1 ವರ್ಷವಾದರೂ ಓಕ್ ಮರದ ಪೀಪಾಯಿಯಲ್ಲಿ. ಹಳೇ ಶೈಲಿ ಅಂದರೆ ಅಮೆರಿಕನ್ ಓಕ್‌ನಲ್ಲಿ ವರ್ಷಗಟ್ಟಲೆ ಕೂತು ಬಣ್ಣ ಮಾಸಿದ, ಮೆತ್ತಗಿನ ವೈನ್. ಹೊಸಬರು ಫ್ರೆಂಚ್ ಓಕ್‌ನಲ್ಲಿ ಕಮ್ಮಿ ಕಾಲ ಇಟ್ಟು ಹಣ್ಣಿನ ರುಚಿ ಉಳಿಸಿಕೊಳ್ಳುತ್ತಾರೆ. ಎರಡೂ ಓಕ್ ಬಳಸಿದ್ದೇವೆ ಎಂದು ಹಿಂದಿನ ಲೇಬಲ್ ಹೇಳಿದರೆ ಅದೇ ನಮಗೆ ಬೇಕಾದ್ದು.

ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ರೆಡ್ ವೈನನ್ನು ರೂಮಿನ ತಾಪಮಾನದಲ್ಲಿ ಕುಡಿಯಬೇಕು ಎನ್ನುವುದು ಯುರೋಪಿನ ತಣ್ಣನೆ ಮನೆಗಳ ಮಾತು. ಬೇಕಿರುವುದು 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹಾಗೇ ಸುರಿದರೆ ಆಲ್ಕೋಹಾಲ್ ಘಾಟು ಬಿಟ್ಟು ಬೇರೇನೂ ಗೊತ್ತಾಗಲ್ಲ. ಐಸ್ ಮಾತ್ರ ಹಾಕಬೇಡಿ.

ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲಾಸಿಗೆ ಮೂರನೇ ಒಂದು ಭಾಗ ಸುರಿಯಿರಿ. ವೈನಿಗೆ ಗಾಳಿಯಾಡಿಸಲು ಬಾಟಲಿ ಬಾಯಿಗೆ ಸಿಕ್ಕಿಸುವ ಏರೇಟರ್ ಸುಮ್ನೆ ದುಡ್ಡು ದಂಡ.

ಈಗ ಮುಖ್ಯ ಕೆಲಸ. ಬಾಟಲಿ ತೆರೆಯುವ ಮೊದಲೇ ಅಡುಗೆಮನೆಯ ಮೂರು ಡಬ್ಬಿ ತೆಗೆದು ಮೂಸಿರಬೇಕು: ಕೊಬ್ಬರಿ, ಲವಂಗ, ಚಕ್ಕೆ. ಮೂಗಿಗೆ ನೆನಪಿರಲಿ ಅಂತ. ಆಮೇಲೆ ಡಬ್ಬಿ ಮುಚ್ಚಿ ದೂರವಿಡಿ. ಊದುಬತ್ತಿ, ಸೆಂಟು, ಒಗ್ಗರಣೆ ಯಾವುದೂ ಹತ್ತಿರ ಬೇಡ. ಗ್ಲಾಸನ್ನು ಅಲ್ಲಾಡಿಸದೆ ಒಮ್ಮೆ ಮೂಸಿ. ಚೆರ್ರಿ, ಪ್ಲಮ್ ಥರದ ಹಣ್ಣಿನ ವಾಸನೆ ಮೊದಲು ಬರುತ್ತದೆ. ಮೂಗು ತೆಗೆದು ಅರ್ಧ ನಿಮಿಷ ಬಿಡಿ. ಬಿಡದೆ ಮೂಸಿದರೆ ಮೂಗು ದಣಿದು ಎಲ್ಲಾ ಒಂದೇ ಅನಿಸುತ್ತದೆ. ನಂತರ ಗ್ಲಾಸನ್ನು ಮೇಜಿನ ಮೇಲಿಟ್ಟೇ ಮೆಲ್ಲಗೆ ತಿರುಗಿಸಿ, ಮತ್ತೆ ಮೂಸಿ. ಕೊಬ್ಬರಿ, ವೆನಿಲ್ಲಾ ಬಂದರೆ ಅದು ಅಮೆರಿಕನ್ ಓಕ್, ಹಳೇ ಶೈಲಿ. ಲವಂಗ, ಚಕ್ಕೆ ಜಾಸ್ತಿ ಅನಿಸಿದರೆ ಫ್ರೆಂಚ್ ಓಕ್. ಕಾಲು ಗಂಟೆ ಬಿಟ್ಟು ಮೂರನೇ ಸಲ ಮೂಸಿ. ಗಾಳಿಯಾಡಿದ ಮೇಲೆ ಹೊಗೆಸೊಪ್ಪು, ಚರ್ಮದ ವಾಸನೆ ತಲೆ ಎತ್ತಬಹುದು. ಒದ್ದೆ ರಟ್ಟಿನ ವಾಸನೆ ಬಂತಾ? ಕಾರ್ಕ್ ಕೆಟ್ಟಿದೆ, ಎಷ್ಟು ಕಾದರೂ ಸರಿಹೋಗಲ್ಲ.

ಬಿಳಿ ಹಾಳೆಯ ಮೇಲೆ ಗ್ಲಾಸು ವಾಲಿಸಿ ಬಣ್ಣ ನೋಡಿ. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಚೆನ್ನಾಗಿ ಮಾಗಿದೆ.

ಇನ್ನು ಕುಡಿಯಿರಿ. ಒಂದು ಗುಟುಕು ಬಾಯಿ ತುಂಬ ಆಡಿಸಿ ನುಂಗಿ. ಎಳೆ ಅಡಿಕೆ ಜಗಿದಂತೆ ವಸಡು ಬಿಗಿದರೆ ಅದು ಟ್ಯಾನಿನ್ ಎಂಬ ಒಗರಿನ ಅಂಶ. ಒಗರು ಇರಬೇಕು, ಒರಟಾಗಿರಬಾರದು. ನೆಂಚಿಕೊಳ್ಳಲು ಕಾಂಗ್ರೆಸ್ ಕಡ್ಲೇಕಾಯಿ ಬೇಡ, ಖಾರ ಬಿದ್ದರೆ ವೈನ್ ಸುಡುತ್ತದೆ. ರಿಯೋಹಾದವರು ದ್ರಾಕ್ಷಿ ಬಳ್ಳಿಯ ಒಣಕಡ್ಡಿ ಉರಿಸಿ ಕುರಿಮರಿ ಚಾಪ್ಸ್ ಸುಡುತ್ತಾರೆ. ನಾವು ಮೆಣಸಿನಕಾಯಿ ಕಮ್ಮಿ ಮಾಡಿದ ಮಟನ್ ಚಾಪ್ಸ್ ಮಾಡಿಕೊಂಡರೆ ಆಯ್ತು. ಉಳಿದ ವೈನಿಗೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಟ್ಟು 2-3 ದಿನದಲ್ಲಿ ಮುಗಿಸಿ.