ಕರಾವಳಿಯ ಚಳಿಗಾಲದ ಮುನ್ಸೂಚನೆ: ಓದುವುದು ಹೇಗೆ?

ಡಿಸೆಂಬರ್ ಬಂತೆಂದರೆ ಟಿವಿ ತುಂಬ ಶೀತಗಾಳಿಯದ್ದೇ ಸುದ್ದಿ. ದೆಹಲಿಯಲ್ಲಿ ದಟ್ಟ ಮಂಜು, ಬೀದರ್‌ನಲ್ಲಿ ಬೆಂಕಿ ಕಾಯಿಸುವ ಜನ. ಇತ್ತ ಮಂಗಳೂರಿನಲ್ಲಿ ಮಧ್ಯಾಹ್ನ ಫ್ಯಾನ್ ಇಲ್ಲದೆ ಕೂರಲಾಗದು. ನಮ್ಮ ಚಳಿಗಾಲ ಎಂದರೆ ಹೆಚ್ಚಾಗಿ ಬೆಳಗ್ಗೆ 20-22 ಡಿಗ್ರಿ, ಮಧ್ಯಾಹ್ನ 32-34. ಜನವರಿಯಲ್ಲಿ ದೇಶದಲ್ಲೇ ಅತಿ ಜಾಸ್ತಿ ಬಿಸಿಯಾದ ಊರುಗಳ ಪಟ್ಟಿಯಲ್ಲಿ ಕಾರವಾರ, ಹೊನ್ನಾವರ, ಪಣಂಬೂರಿನ ಹೆಸರು ಆಗಾಗ ಕಾಣುವುದುಂಟು. ಹಾಗಾಗಿ ಇಡೀ ದೇಶಕ್ಕೆ ಬರೆದ ಮುನ್ಸೂಚನೆಯನ್ನು ಉಡುಪಿ, ಮಂಗಳೂರಿನವರು ಸ್ವಲ್ಪ ಬೇರೆ ರೀತಿಯಲ್ಲೇ ಓದಬೇಕಾಗುತ್ತದೆ.

ಮೊದಲು ನಕ್ಷೆಯ ಬಣ್ಣ

ಭಾರತ ಹವಾಮಾನ ಇಲಾಖೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಮುನ್ನೋಟವನ್ನು ಚಳಿಗಾಲ ಶುರುವಾಗುವ ಹೊತ್ತಿಗೆ ಪ್ರಕಟಿಸುತ್ತದೆ. ಆಮೇಲೆ ಪ್ರತಿ ತಿಂಗಳ ಕೊನೆಗೆ ಮುಂದಿನ ತಿಂಗಳದ್ದು ಬರುತ್ತದೆ. ನಕ್ಷೆಯಲ್ಲಿ ಕರಾವಳಿ ಕೆಂಪಗಿದ್ದರೆ ತುಂಬ ಜನ ‘ಈ ಸಲ ಭಯಂಕರ ಸೆಕೆ’ ಎಂದು ಫಾರ್ವರ್ಡ್ ಮಾಡಿಬಿಡುತ್ತಾರೆ. ಆ ಬಣ್ಣ ಹೇಳುವುದೇ ಬೇರೆ.

ಹಿಂದಿನ 30 ಚಳಿಗಾಲಗಳನ್ನು ತಂಪಿನಿಂದ ಬಿಸಿಗೆ ಸಾಲಾಗಿ ನಿಲ್ಲಿಸಿ. ಮೊದಲ ಹತ್ತು ‘ವಾಡಿಕೆಗಿಂತ ಕಡಿಮೆ’, ನಡುವಿನ ಹತ್ತು ‘ವಾಡಿಕೆ’, ಕೊನೆಯ ಹತ್ತು ‘ವಾಡಿಕೆಗಿಂತ ಜಾಸ್ತಿ’. ಏನೂ ಸುಳಿವಿಲ್ಲದಿದ್ದರೆ ಒಂದೊಂದಕ್ಕೂ ಸಾಧ್ಯತೆ ಶೇ 33. ನಕ್ಷೆಯಲ್ಲಿ ಶೇ 55 ಎಂದಿದ್ದರೆ ಈ ವರ್ಷ ಕೊನೆಯ ಗುಂಪಿಗೆ ಸೇರುವ ಸಾಧ್ಯತೆ ಅಷ್ಟು, ಅಷ್ಟೇ. ಎಷ್ಟು ಡಿಗ್ರಿ ಏರುತ್ತದೆ ಎಂಬುದು ಅದರಲ್ಲಿ ಇರುವುದೇ ಇಲ್ಲ. ಅರ್ಧ ಡಿಗ್ರಿ ಏರಿದರೂ ಆ ಗುಂಪಿಗೆ ಸೇರಿಬಿಡಬಹುದು.

ಹಗಲು ಬೇರೆ, ರಾತ್ರಿ ಬೇರೆ

ಗರಿಷ್ಠ ಮತ್ತು ಕನಿಷ್ಠ ತಾಪಮಾನಕ್ಕೆ ಬೇರೆ ಬೇರೆ ನಕ್ಷೆಗಳಿರುತ್ತವೆ. ನಮ್ಮ ಕಡೆ ಎರಡನ್ನೂ ನೋಡಲೇಬೇಕು. ಇಲ್ಲಿ ಆಟ ನಡೆಸುವುದು ಗಾಳಿ. ಚಳಿಗಾಲದಲ್ಲಿ ಮೂಡಣ ಗಾಳಿ ಘಟ್ಟ ಇಳಿದು ಬರುತ್ತದೆ. ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಒಣಗುತ್ತದೆ. ಸಮುದ್ರದ ಗಾಳಿ ಹನ್ನೊಂದು-ಹನ್ನೆರಡಕ್ಕೆ ಒಳಗೆ ಬಂದರೆ ಸೆಕೆ ಅಲ್ಲಿಗೇ ನಿಲ್ಲುತ್ತದೆ. ಮೂಡಣ ಗಾಳಿ ಅದನ್ನು ಎರಡು ಗಂಟೆಯವರೆಗೆ ತಡೆದರೆ ತಾಪಮಾನ 35 ಡಿಗ್ರಿ ದಾಟುತ್ತದೆ. ಅದೇ ಒಣಗಾಳಿ, ಅದೇ ಶುಭ್ರ ಆಕಾಶದಿಂದ ರಾತ್ರಿ ನೆಲ ಬೇಗ ತಣಿಯುತ್ತದೆ. ಬೆಳಗ್ಗೆ ಹೊದಿಕೆ, ಮಧ್ಯಾಹ್ನ ಬೆವರು: ಎರಡಕ್ಕೂ ಕಾರಣ ಒಂದೇ.

ಇನ್ನು ‘ಕನಿಷ್ಠ ತಾಪಮಾನ ವಾಡಿಕೆಗಿಂತ ಜಾಸ್ತಿ’ ಎಂದರೆ ಹೆಚ್ಚಾಗಿ ಮೋಡದ ರಾತ್ರಿಗಳು ಎಂದುಕೊಳ್ಳಿ. ಮಾವು ಚೆನ್ನಾಗಿ ಹೂ ಬಿಡಲು ತಂಪು ರಾತ್ರಿ ಬೇಕು. ಮೋಡ ಕವಿದರೆ ಗೇರಿಗೆ ‘ಟೀ ಸೊಳ್ಳೆ’ ಎಂಬ ರಸ ಹೀರುವ ಕೀಟದ ಕಾಟವೂ ಜಾಸ್ತಿ. ತೋಟ ಇರುವವರು ಹಗಲಿನ ನಕ್ಷೆಗಿಂತ ರಾತ್ರಿಯದನ್ನೇ ಮೊದಲು ನೋಡುವುದು ಒಳ್ಳೆಯದು.

‘ಶೀತಗಾಳಿ’ ಎಂಬ ಪದಕ್ಕೆ ಹೆದರಬೇಡಿ. ಕರಾವಳಿಯಲ್ಲಿ ಹಾಗೆನ್ನಬೇಕಾದರೆ ಕನಿಷ್ಠ ತಾಪಮಾನ 15 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿಯಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ನಮಗೆ ಬರುವ ಎಚ್ಚರಿಕೆ ಹೆಚ್ಚಾಗಿ ಇದರ ಉಲ್ಟಾ. 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆಯೇ ಬಂದಿತ್ತು!

ಮಳೆಗೆ ಬಂಗಾಳಕೊಲ್ಲಿ ಕಡೆ ನೋಡಿ

ಇದೇ ಮುಖ್ಯ ಭಾಗ. ಡಿಸೆಂಬರಿನಲ್ಲಿ ಇಲ್ಲಿ ಮಳೆ ಬರುವುದು ಅಪರೂಪ, ಬಂದರೆ ಹೊಡೆತ ಜೋರು. ವಾಡಿಕೆ ಮಳೆಯೇ ಕಡಿಮೆ ಇರುವುದರಿಂದ ಶೇಕಡಾ ಲೆಕ್ಕ ಮೋಸ ಮಾಡುತ್ತದೆ. ವಾಡಿಕೆ 20 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದೇ ಸಂಜೆ 60 ಮಿ.ಮೀ. ಸುರಿದರೆ ‘ವಾಡಿಕೆಗಿಂತ ಶೇ 200 ಹೆಚ್ಚು’ ಎಂದಾಗುತ್ತದೆ, ಉಳಿದ 30 ದಿನ ಖಡಕ್ ಬಿಸಿಲಿದ್ದರೂ.

ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ಹಿಂಗಾರು ಸಾಮಾನ್ಯವಾಗಿ ಚುರುಕು, ಅದು ತಣ್ಣಗಾಗುವ ಲಾ ನಿನಾದಲ್ಲಿ ಕೊಂಚ ಮಂಕು. ಆದರೆ ಈ ನಂಟು ತಮಿಳುನಾಡಿಗೆ ಗಟ್ಟಿ, ನಮಗೆ ಸಡಿಲ. ನಮ್ಮ ಮಟ್ಟಿಗೆ ಒಂದು ವಾಯುಭಾರ ಕುಸಿತ ಸಾಕು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ದೂರದ್ದಲ್ವಾ ಎಂದುಕೊಳ್ಳುವಷ್ಟರಲ್ಲಿ ಅದರ ಉಳಿಕೆ ಪಶ್ಚಿಮಕ್ಕೆ ಸರಿದು, ಡಿಸೆಂಬರ್ ಮೊದಲ ವಾರ ದಕ್ಷಿಣ ಕನ್ನಡ, ಉಡುಪಿಯಲ್ಲಿ ಜೋರು ಮಳೆ ಸುರಿಸಿತು. ಅಂಗಳದಲ್ಲಿ ಹರಡಿದ ಅಡಿಕೆಗೆ ಇಂಥ ಮಳೆಯೇ ಶತ್ರು. ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿಯುವ ಅಡಿಕೆಗೆ, ಸುಮಾರು 40 ದಿನದ ಬಿಸಿಲು ಬೇಕು. ನಡುವೆ ಒಮ್ಮೆ ನೆನೆದು ಸರಿಯಾಗಿ ಒಣಗದಿದ್ದರೆ, ಸುಲಿಯುವಾಗ ಒಳಗೆ ಬೂಸ್ಟು ಕಾಣುತ್ತದೆ. ದರವೂ ಇಳಿಯುತ್ತದೆ. ಆದ್ದರಿಂದ ಚೆನ್ನೈ ಕಡೆ ವಾಯುಭಾರ ಕುಸಿತ ಎಂದು ಕೇಳಿದ ದಿನವೇ ಟಾರ್ಪಾಲು ಹುಡುಕಿಡಿ.

ಮುನ್ನೋಟದಿಂದ ದಿನಕ್ಕೆ ಇಳಿಯಿರಿ

ಮೂರು ತಿಂಗಳ ಮುನ್ನೋಟ ನೋಡಿ ಮದುವೆ ದಿನ, ಯಕ್ಷಗಾನದ ಬಯಲಾಟದ ದಿನ ಗೊತ್ತು ಮಾಡಲಾಗದು. ಅದಕ್ಕೆ ಪ್ರತಿ ಗುರುವಾರ ಬರುವ, ಮುಂದಿನ ಕೆಲವು ವಾರಗಳ ಮುನ್ಸೂಚನೆ ನೋಡಿ. ಮಲ್ಪೆಯಿಂದ ವಾರಗಟ್ಟಲೆ ಆಳಸಮುದ್ರಕ್ಕೆ ಹೋಗುವ ಬೋಟಿನವರಿಗೂ ಇದು ಬೇಕು, ಕೆಲವೇ ದಿನದ ಮುನ್ಸೂಚನೆ ಅವರು ವಾಪಸಾಗುವ ಮೊದಲೇ ಮುಗಿದಿರುತ್ತದೆ. ಅಲೆ, ಗಾಳಿಯ ವಿವರಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಮುದ್ರ ಮುನ್ಸೂಚನೆ ಇದೆ.

ದಿನ ಹತ್ತಿರ ಬಂದಂತೆ ಜಿಲ್ಲಾವಾರು ಬಣ್ಣ ನೋಡಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ. ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಹೆಚ್ಚು, ‘ಅತಿ ಭಾರಿ’ ಎಂದರೆ 115.6 ಅಥವಾ ಹೆಚ್ಚು. ಮೌಸಮ್ ಆ್ಯಪ್‌ನಲ್ಲಿ ಇವೆಲ್ಲ ಸಿಗುತ್ತವೆ. ಕೃಷಿಕರಿಗೆ ಮೇಘದೂತ್, ಸಿಡಿಲಿಗೆ ದಾಮಿನಿ ಇದೆ.

ಕೊನೆಗೊಂದು ಮಾತು, ನಿಮ್ಮೂರಿನ ಲೆಕ್ಕದ ಬಗ್ಗೆ. ‘ಮಂಗಳೂರು’ ಎಂದು ಬರುವ ಅಂಕಿ ಪಣಂಬೂರಿನದ್ದೋ, ಗುಡ್ಡದ ಮೇಲಿರುವ ಬಜಪೆ ವಿಮಾನ ನಿಲ್ದಾಣದ್ದೋ ನೋಡಿ. ಒಂದು ಕಡಲಿಗೆ ಅಂಟಿಕೊಂಡಿದೆ, ಇನ್ನೊಂದು ಒಳಗಿದೆ. ಸುಳ್ಯ, ಬೆಳ್ತಂಗಡಿ, ಕಾರ್ಕಳದಂಥ ಘಟ್ಟದ ಬುಡದ ಊರುಗಳಲ್ಲಿ ಬೆಳಗ್ಗೆ ಇವೆರಡಕ್ಕಿಂತಲೂ ತಣ್ಣಗಿರಬಹುದು. ಮನೆಯಲ್ಲೊಂದು ತಾಪಮಾಪಕವನ್ನು ನೆರಳಲ್ಲಿ ತೂಗುಹಾಕಿ ಒಂದು ತಿಂಗಳು ಬರೆದಿಡಿ. ಪಣಂಬೂರಿಗೂ ನಿಮ್ಮ ಅಂಗಳಕ್ಕೂ ಎಷ್ಟು ಡಿಗ್ರಿ ಅಂತರ ಎಂದು ಗೊತ್ತಾಗುತ್ತದೆ. ಮುಂದೆ ಮುನ್ಸೂಚನೆ ಬಂದಾಗ ಅಷ್ಟನ್ನು ಕೂಡಿಸಿಯೋ ಕಳೆದೋ ಓದಿಕೊಳ್ಳಿ.